ಗುರುಮಲ್ಲಪ್ಪನ ಚೊಂಬು

ಊರು ಮರೆತರೆ ಮರೆಯಲಿ, ಪಕ್ಕದ ಮನೆಯ ಗುರುಮಲ್ಲಪ್ಪನನ್ನು ನಾನಂತೂ ಮರೆಯುವವನಲ್ಲ. ಶಿವರಾತ್ರಿ ಕಳೆದ ಮರುದಿನವೇ ಕಳಲೆ ದಾರಿಯ ಹೊಂಗೆಮರದ ಕೆಳಗೆ ಅವನ ಅರವಟ್ಟಿಗೆ ಏಳುತ್ತಿತ್ತು. ಹೆಂಡತಿ ರುದ್ರಮ್ಮ ಮಜ್ಜಿಗೆ ಕಡೆಯಬೇಕು, ಮೂವರು ಹೆಣ್ಣುಮಕ್ಕಳು ನೀರು ಹೊರಬೇಕು, ಇವನು ದಾರಿಹೋಕರಿಗೆ ಕುಡಿಸಬೇಕು. ಬಾಯಾರಿಕೆ ಇಲ್ಲವೆಂದವರನ್ನೂ ಬಿಡುತ್ತಿರಲಿಲ್ಲ. "ಮೊಕ ನೋಡುದ್ರೆ ಗೊತ್ತಾಯ್ತದೆ, ಕುಡೀರಿ ಸಾ" ಎನ್ನುತ್ತ ಅಮಲ್ದಾರರ ಗಾಡಿಯ ಹಿಂದೆಯೇ ಎರಡು ಫರ್ಲಾಂಗು ಓಡಿದವನು. ಸಂಜೆಗೆ ಕಿರಿಮಗಳನ್ನು ಹೆಗಲ ಮೇಲೆ ಕೂರಿಸಿ, ಹಿತ್ತಾಳೆ ಚೊಂಬನ್ನು ಅವಳ ಕೈಗೆ ಕೊಟ್ಟು ಮನೆಗೆ ಹೊರಡುತ್ತಿದ್ದ. ಊರಿನ ಕಣ್ಣು ಕೆಂಪಗಾಗಲು ಆ ಚೊಂಬೇ ಕಾರಣ. ಬೇರೆ ಕಡೆ ಹೊಲಗೇರಿಯವರ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಇವನು ಎಲ್ಲರ ಕೈಗೂ ಅದೇ ಚೊಂಬು ಕೊಡುತ್ತಿದ್ದ. ಊರ ಯಜಮಾನರು ಅವನಿಗೆ ಬಹಿಷ್ಕಾರ ಹಾಕಿದರು, ಕ್ಷೌರ ನಿಲ್ಲಿಸಿದರು. ಹೆದರಿ ನಾನೂ ಮಾತು ಬಿಟ್ಟೆ. ಗಡ್ಡ ಎದೆಗೆ ಇಳಿದರೂ ಅವನು, "ಬೆಳೀಲಿ ಬುಡಿ, ಗಡ್ಡುಕ್ಕೇನು ಬಾಯಾರಿಕೆ ಆದದಾ?" ಎಂದು ನಗುತ್ತಿದ್ದ. ಅವನ ಕೊನೆಯ ದಿನ ಬಾಯಿಗೆ ನೀರು ಬಿಡಲು ರುದ್ರಮ್ಮ ಆ ಚೊಂಬನ್ನೇ ಎತ್ತಿಕೊಂಡಳು. ಬಾಗಿಲಲ್ಲಿ ನಿಂತ ಯಜಮಾನರು, "ಈಗ್ಲಾದ್ರೂ ಅದ ಉಣ್ಸೆಣ್ಣು ಆಕಿ ಬೆಳಗವ್ವ" ಎಂದರು. ಆಕೆ ತಿರುಗಿಯೂ ನೋಡಲಿಲ್ಲ. "ಯಾಕ್ ಬೆಳಗ್ಲಿ? ನನ್ ಮೂರ್ ಮಕ್ಳೂ ದಿನಾ ರಾತ್ರಿ ಇದ್ರಲ್ಲೇ ಆಲು ಕುಡುದು ಬೆಳುದ್ರು. ದಾರಿಗೂ ಇದೇ, ಮನೇಗೂ ಇದೇ" ಎನ್ನುತ್ತ ಗಂಡನಿಗೆ ಮೂರು ಗುಟುಕು ಕುಡಿಸಿದಳು. ಆಮೇಲೆ ಚೊಂಬನ್ನು, ಯಜಮಾನರ ಬೆನ್ನ ಹಿಂದೆ ಅಡಗಿದ್ದ ನನ್ನತ್ತ ಚಾಚಿದಳು. ಎಲ್ಲರ ಎದುರಿಗೇ ಕುಡಿದೆ.