ನೆಗೆಣ್ಣಿಯ ಬಾಗಿಲ ಬಿಸಿಲು

ತಿಂದಿತು! ನಮ್ಮ ಮೊಮ್ಮಗಳ ಇಗ್ವಾನಾ ಈ ಹೊತ್ತು ಮುಂಜಾನೆ ತನ್ನ ಬಾಯಿಂದ ತಾನೇ ದಾಸವಾಳದ ಹೂ ತಿಂದಿತು. ಮೊದಲು ಒಂದು ಎಸಳು, ಆಮೇಲೆ ಇಡೀ ಹೂವು. ಸಿರಿಂಜಿಲ್ಲ, ಬಾಯಿ ಬಿಡಿಸುವುದಿಲ್ಲ, ಯಾರ ಹಂಗೂ ಇಲ್ಲ. ತಿಂದದ್ದು ಎಲ್ಲಿ ಅಂತೀರಿ? ನನ್ನ ನೆಗೆಣ್ಣಿಯ ಹೊಸ್ತಿಲ ಮುಂದೆ, ಆಕೆ ಖಾಲಿ ಕೊಡ ಹಿಡಿದು ನೋಡುತ್ತಾ ನಿಂತಿದ್ದಾಗ! ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಈ ಸಂತೋಷಕ್ಕೆ ನನ್ನ ಅಕ್ಷರ ಸಾಲವು. ಆದರೂ ಬರೆಯುತ್ತೇನೆ. ನೆಗೆಣ್ಣಿ ಏಳನೇ ಇಯತ್ತೆ ಕಲಿತವಳು, ಆಕೆಗೆ ಓದಲು ಬರುತ್ತದೆ.

ಬನಹಟ್ಟಿಯ ನಮ್ಮ ನೇಕಾರರ ಮನೆಗೆ ಅಂಗಳ ಒಂದು, ಒಲೆ ಎರಡು. ಈ ಕಡೆ ನಾವು, ಆ ಕಡೆ ಮೈದುನ ಮತ್ತು ಆತನ ಹೆಂಡತಿ, ಅಂದರೆ ಈ ನೆಗೆಣ್ಣಿ. ಹೋದ ವರ್ಷ ಮೊಮ್ಮಗಳ ಸೋದರಮಾವ ಪುಣೆಯಲ್ಲಿ ತಾನು ಸಾಕಿದ್ದ ಇಗ್ವಾನಾವನ್ನು ಕಾಗದಪತ್ರದ ಸಮೇತ ತಂದುಕೊಟ್ಟ. ಹಲ್ಲಿಯ ಜಾತಿಯ ದೊಡ್ಡ ಪ್ರಾಣಿ, ಎಳೆ ಬಾಳೆಲೆಯ ಬಣ್ಣ, ಬೆನ್ನ ಮೇಲೆ ಮಗ್ಗದ ಹಣಿಗೆಯಂಥ ಹಲ್ಲಿನ ಸಾಲು, ಗಂಟಲ ಕೆಳಗೆ ಜೋತುಬಿದ್ದ ತೊಗಲು. ನನಗೆ ಮೊದಲು ಹೆದರಿಕೆಯೇ ಆಯಿತು. ಮೊಮ್ಮಗಳು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಅಭ್ಯಾಸ ಮಾಡುವುದನ್ನು ಕಂಡ ಮೇಲೆ ಹೆದರಿಕೆ ಹೋಯಿತು.

ನೆಗೆಣ್ಣಿ ಮಾತ್ರ ಮೊದಲ ದಿನವೇ ಹಣೆ ಬಡಿದುಕೊಂಡಳು. "ಯಕ್ಕಾ, ಇದು ಉಡ. ಉಡ ಹೊಕ್ಕ ಮನಿ ಖಾಲಿ ಮಾಡಬೇಕಾಕ್ಕೈತಿ."

"ಉಡ ಅಲ್ಲಬೇ, ಇದು ಸೊಪ್ಪು ತಿನ್ನೂ ಪ್ರಾಣಿ."

"ಏನರ ತಿನ್ಲಿ. ಮುಂಜಾನೆದ್ದು ನನ್ನ ಕಣ್ಣಿಗಿ ಬಿದ್ದರ ದಿನಾನ ಕೆಡತೈತಿ."

ಆಕೆ ಅಷ್ಟಕ್ಕೇ ಬಿಡಲಿಲ್ಲ, ಓಣಿಯ ತುಂಬ ಹೇಳಿ ಬಂದಳು. ಸೀರೆ ನೋಡಲು ಬಂದಿದ್ದ ರಬಕವಿಯ ವ್ಯಾಪಾರಿಯೊಬ್ಬರು ಹೊಸ್ತಿಲ ಹೊರಗೇ ನಿಂತು ಮಾತಾಡಿ, ಚಹಾ ಸಹ ಕುಡಿಯದೆ ಹೋದರು. ನಮ್ಮ ಯಜಮಾನರು ಅಂಜಿದರು. "ಅದನ್ನ ಒಳಗ ಇಡ್ರಿ, ಯಾರ ಕಣ್ಣಿಗೂ ಬೀಳೂದು ಬ್ಯಾಡ" ಅಂದರು.

ಒಳಗೆ ಅಂದರೆ ನೂಲಿನ ಕೋಣೆ. ಬಿಸಿಲು ಬಿದ್ದರೆ ಬಣ್ಣದ ನೂಲು ಮಾಸುತ್ತದೆ ಎಂದು ನಾವು ಆ ಕೋಣೆಗೆ ಕಿಟಕಿಯನ್ನೇ ಇಟ್ಟಿಲ್ಲ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ. ರೇಷ್ಮೆಗೆ ಕೊಟ್ಟ ಜಾಗವನ್ನೇ ಈ ಕೂಸಿಗೂ ಕೊಟ್ಟೆವು ಎಂದು ಸಮಾಧಾನ ಮಾಡಿಕೊಂಡೆ. ಹಾಲಿನಲ್ಲಿ ಜೋಳದ ರೊಟ್ಟಿ ಹಿಚುಕಿ, ಮೇಲೆ ತುಪ್ಪ ಬಿಟ್ಟು ತಿನ್ನಿಸಿದೆ. ಬಾಣಂತಿಗೂ ಅಷ್ಟು ಮಾಡಿದವಳಲ್ಲ ನಾನು.

ನಾಲ್ಕು ತಿಂಗಳಲ್ಲಿ ಅದರ ಹಿಂಗಾಲು ನಡುಗತೊಡಗಿದವು. ದವಡೆ ಊದಿತು. ತಿನ್ನುವುದನ್ನು ಪೂರ್ತಿ ಬಿಟ್ಟಿತು. ನೆಗೆಣ್ಣಿ ಕದದಲ್ಲಿ ನಿಂತು ನಕ್ಕಳು. "ನಾ ಹೇಳಿರಲಿಲ್ಲೇನ? ಸಾಯೂಕಿಂತ ಮೊದಲ ಕಾಲುವಿಗೆ ಬಿಟ್ಟ ಬರ್ರಿ." ಆ ನಗೆಯನ್ನು ನಾನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಊರಿನ ದನದ ಡಾಕ್ಟರು ತಮಗೆ ತಿಳಿಯದೆಂದು ಮುಧೋಳದ ನಾಯಿ ಡಾಕ್ಟರ ಕಡೆ ಕಳಿಸಿದರು. ಇಗ್ವಾನಾವನ್ನು ನೂಲಿನ ಬುಟ್ಟಿಯಲ್ಲಿಟ್ಟು, ಮೇಲೆ ಹಳೆ ಇಳಕಲ್ ಸೀರೆ ಮುಚ್ಚಿ, ಮೊಮ್ಮಗಳೂ ನಾನೂ ಮಹಾಲಿಂಗಪುರದ ಮೇಲೆ ಬಸ್ಸಿನಲ್ಲಿ ಹೋದೆವು. ದವಾಖಾನೆಯಲ್ಲಿ ಉದ್ದ ಕಾಲಿನ ಬೇಟೆನಾಯಿಗಳು ಸಾಲಾಗಿ ಕೂತಿದ್ದವು. ಎಲ್ಲವೂ ಒಮ್ಮೆಲೇ ನಮ್ಮ ಬುಟ್ಟಿಯ ಕಡೆ ಮೂತಿ ತಿರುಗಿಸಿದವು. ಮೊಮ್ಮಗಳು ಬುಟ್ಟಿಯ ಮೇಲೆ ಅಡ್ಡ ಮಲಗಿಬಿಟ್ಟಳು.

ಡಾಕ್ಟರು ಹರೆಯದವರು, ಸುಳ್ಳು ಹೇಳುವ ಜಾತಿಯವರಲ್ಲ. "ಅವ್ವಾರ, ನಾ ಇದನ್ನ ಪುಸ್ತಕದಾಗ ನೋಡೀನ್ರಿ, ಕೈಯಾಗ ಇದ ಮೊದಲ ಸಲ" ಅಂದರು. ಇಂಥ ಪ್ರಾಣಿ ನೋಡುವ ಗೆಳೆಯನೊಬ್ಬನಿಗೆ ವಿಡಿಯೋ ಕಾಲ್ ಹಚ್ಚಿ, ದವಡೆ ಒತ್ತಿ ತೋರಿಸಿದರು. ಎಕ್ಸ್‌ರೇ ತೆಗೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ಎಲ್ಲಿ ಇಟ್ಟಿದ್ರಿ?"

"ನೂಲಿನ ಖೋಲಿಯಾಗ್ರಿ. ಬಿಸಲ ಬೀಳಂಗಿಲ್ರಿ ಅಲ್ಲಿ" ಅಂದೆ, ಹೆಮ್ಮೆಯಿಂದ.

"ಅದ ತಪ್ಪಾತ್ರಿ. ಬಿಸಲ ಇಲ್ಲದ ಇದರ ಎಲಬು ಮೆತ್ತಗಾಗ್ಯಾವು. ಹಾಲು-ರೊಟ್ಟಿ ಬಂದ್ ಮಾಡ್ರಿ. ನುಗ್ಗಿ ಸೊಪ್ಪು, ದಾಸವಾಳ ಅರದು ಸಿರಿಂಜಿಲೆ ಹಾಕ್ರಿ, ಕ್ಯಾಲ್ಸಿಯಂ ಔಷಧ ಬರದುಕೊಡ್ತೇನಿ. ಮುಂಜಾನೆ ಎಂಟರಿಂದ ಹತ್ತರೊಳಗ ಅರ್ಧಾ ತಾಸು ಖುಲ್ಲಾ ಬಿಸಲಿಗಿ ಇಡ್ರಿ. ತಾನ ತಿನ್ನಾಕ ಹತ್ತಿದರ ಉಳೀತೈತಿ."

ಕದ ಹಾಕಿದ್ದು ನನ್ನ ಕೈ. ಹಾಕಿಸಿದ್ದು ನೆಗೆಣ್ಣಿಯ ನಾಲಿಗೆ. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ಯಜಮಾನರು ಹದಿನೈದು ದಿನದ ಗಡುವು ಕೊಟ್ಟರು. ಅಷ್ಟರೊಳಗೆ ತಿನ್ನದಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದು. ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದಳು.

ಇನ್ನು ಬಿಸಿಲಿನ ಮಾತು. ನಮ್ಮ ಕಡೆ ಮಗ್ಗದ ಶೆಡ್ಡಿನ ನೆರಳು. ಮುಂಜಾನೆಯ ಬಿಸಿಲು ಅಂಗಳದಲ್ಲಿ ಒಂದೇ ಕಡೆ ಬೀಳುತ್ತದೆ, ನೆಗೆಣ್ಣಿಯ ಬಾಗಿಲ ಮುಂದೆ. ಓಣಿಯ ನಳಕ್ಕೆ ನೀರು ಬರುವುದು ಎಂಟೂವರೆಗೆ. ಡಾಕ್ಟರು ಹತ್ತರವರೆಗೆ ಹೇಳಿದ್ದರು, ಖರೆ. ನಾನು ಎಂಟೂವರೆಯನ್ನೇ ಆರಿಸಿದೆ.

ಮರುದಿನ ಬುಟ್ಟಿ ಇಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ನೆಗೆಣ್ಣಿ ಕೊಡ ಹಿಡಿದು ಬಂದವಳು ಕಿರುಚಿದಳು.

"ಯಕ್ಕಾ, ಸರಸ್ರಿ ಅದನ್ನ! ನೀರಿಗಿ ಹೋಗಬೇಕು ನಾ."

"ಡಾಕ್ಟರ ಹೇಳ್ಯಾರ ತಂಗಿ. ಅರ್ಧಾ ತಾಸು ಸರಸಾಕ ಬರಂಗಿಲ್ಲ."

"ನಾ ಹೆಂಗ ಹೋಗ್ಲಿ?"

"ಹಿತ್ತಲ ಬಾಗಲಾ ಐತೆಲ್ಲ."

ಹಿತ್ತಲಿನಿಂದ ಹೋದರೆ ಇಡೀ ಓಣಿ ಸುತ್ತಬೇಕು. ಆಕೆ ಚಾಡಿ ಹೇಳಿ ಬಂದ ಅದೇ ಮನೆಗಳ ಮುಂದೆ, ತುಂಬಿದ ಕೊಡ ಹೊತ್ತು, "ಯಾಕಬೇ, ನಿಮ್ಮ ಬಾಗಲಾ ಎಲ್ಲಿ ಹೋತು?" ಅನ್ನಿಸಿಕೊಳ್ಳುತ್ತಾ. ಮೂರು ದಿನ ಸುತ್ತಿ ಗಂಡನಿಗೆ ದೂರು ಕೊಟ್ಟಳು. ಮೈದುನ ಮಗ್ಗ ನಿಲ್ಲಿಸದೆಯೇ ಕೂಗಿದ: "ಬಿಸಲೇನ ನಿಮ್ಮಪ್ಪನ ಮನಿಯಿಂದ ತಂದೀಯೇನ?" ನನಗೆ ಆ ದಿನ ಉಂಡ ಅನ್ನ ಎರಡು ಪಟ್ಟು ರುಚಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ.

ಆದರೆ ಇಗ್ವಾನಾ ತಿನ್ನಲಿಲ್ಲ. ಹತ್ತು ದಿನವಾಯಿತು, ಹನ್ನೆರಡಾಯಿತು. ಕಾಲಿನ ನಡುಕ ಕಡಿಮೆಯಾಯಿತು, ಬಾಯಿ ಮಾತ್ರ ತೆರೆಯಲಿಲ್ಲ. ನಿನ್ನೆ ನೆಗೆಣ್ಣಿ ಮೊಮ್ಮಗಳಿಗೆ ಕೇಳಿಸುವಂತೆ, "ನಾಳೆ ಅರಣ್ಯದವರ ಜೀಪು ಎಷ್ಟಕ್ಕ ಬರತೈತಿ?" ಅಂದಳು. ಕೂಸಿನ ಮುಖ ನೋಡಲಾಗದೆ ನಾನು ಒಳಗೆ ಹೋದೆ.

ಗಡುವಿನ ದಿನ ಈ ಹೊತ್ತು. ಮೊಮ್ಮಗಳು ಅದರ ಮೂತಿಯ ಮುಂದೆ ದಾಸವಾಳ ಹಿಡಿದಳು. ಇಗ್ವಾನಾ ಒಂದು ಕಣ್ಣಿನಿಂದ ಹೂವನ್ನು ನೋಡಿತು, ನಾಲಿಗೆ ಚಾಚಿ ಮುಟ್ಟಿತು, ಮತ್ತೆ ಸುಮ್ಮನಾಯಿತು. ಆಮೇಲೆ ಅದು ಎಸಳನ್ನು ಕಚ್ಚಿ ಎಳೆಯಿತು!

"ಆಯಿ, ತಿಂತು! ಆಯಿ!" ಮೊಮ್ಮಗಳ ಕೂಗಿಗೆ ಮಗ್ಗಗಳು ನಿಂತವು.

ನಾನು ಡಾಕ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಹೊಸ್ತಿಲಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ ನೆಗೆಣ್ಣಿಯ ಕಡೆ ಚಾಚಿ ಹಿಡಿದೆ. "ಭಾಳ ಛಲೋ ಆತ್ರಿ ಅವ್ವಾರ! ಆದರ ಎಲಬು ಗಟ್ಟಿ ಆಗಾಕ ಇನ್ನೂ ಆರು ತಿಂಗಳರ ಬೇಕು. ಬಿಸಲ ಮಾತ್ರ ಒಂದ ದಿನಾನೂ ತಪ್ಪಿಸಬ್ಯಾಡ್ರಿ."

"ಇನ್ನೊಮ್ಮೆ ಹೇಳ್ರಿ ಡಾಕ್ಟರ, ಕೇಳಸವಲ್ದು" ಅಂದೆ. ನನಗೆ ಚೆನ್ನಾಗಿಯೇ ಕೇಳಿಸಿತ್ತು.

ಸಂಜೆ ಹೋಳಿಗೆ ಮಾಡಿದೆ. ಎರಡೂ ಒಲೆಯವರನ್ನು ಊಟಕ್ಕೆ ಕರೆದೆ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ಗಂಡ ಬಂದು ಕೂತ ಮೇಲೆ ನೆಗೆಣ್ಣಿಯೂ ಬರಬೇಕಾಯಿತು. ಮೊಮ್ಮಗಳನ್ನು ಆಕೆಯ ಎದುರಿಗೇ ಕೂರಿಸಿದೆ. ಹೂವಿನ ಕತೆಯನ್ನು ನಾನು ಎರಡು ಸಲ ಹೇಳಿ ಮುಗಿಸಿದಾಗ ಯಜಮಾನರು, "ಸಾಕ ಮಾಡ ಇನ್ನ, ಉಣ್ಣಾಕ ಬಿಡು ಆಕಿನ್ನ" ಅಂದರು.

"ಉಣ್ಣಲಿ, ಯಾರು ಬ್ಯಾಡಂದ್ರು?" ಎಂದು ಆಕೆಯ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದೆ. ಎಲ್ಲರೂ ನಗುತ್ತಾ ಉಣ್ಣುತ್ತಿದ್ದರು. ತಾಟಿನ ಹೋಳಿಗೆ ಮುಗಿಯುವವರೆಗೆ ಆಕೆ ಏಳುವಂತಿರಲಿಲ್ಲ. ನಾನು ಮೂರನೇ ಸಲ, ಮೊದಲ ಎಸಳಿನಿಂದ ಶುರು ಮಾಡಿದೆ.