ನಡೆಯದ ನಾಲ್ಕು ತರಗತಿಗಳು

ದಕ್ಷಿಣ ಬೆಂಗಳೂರಿನಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಸಂಖ್ಯಾಶಾಸ್ತ್ರದ ಪದವಿ ಓದಿದವರ ನಡುವೆ ಪ್ರೊ. ಶಾಂತಾದೇವಿಯವರ ಹೆಸರು ಕೇಳದವರು ಕಡಿಮೆ. ಅವರು ದೊಡ್ಡ ಸಂಶೋಧಕರೆಂದು ಯಾರೂ ಹೇಳಿಲ್ಲ, ಅವರೂ ಹೇಳಿಕೊಂಡಿಲ್ಲ. ಪ್ರಕಟವಾದ ಪ್ರಬಂಧಗಳು ಆರು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇಂಗ್ಲಿಷ್ ಪಾಠದ ಮುಂದೆ ಬಾಯಿ ಕಟ್ಟಿಹೋದ ವಿದ್ಯಾರ್ಥಿಗೆ ಈ ವಿಷಯವನ್ನು ಅರ್ಥವಾಗುವಂತೆ ಹೇಳಬಲ್ಲವರ ಪಟ್ಟಿ ಚಿಕ್ಕದು. ಅದರಲ್ಲಿ ಅವರ ಹೆಸರು ಮೇಲೆಯೇ ಇರುತ್ತದೆ. ನಾನು ಅವರ ವಿದ್ಯಾರ್ಥಿನಿಯಾಗಿದ್ದವಳು, ಈಗ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ.

ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಹೊಲಗಳು ಸೈಟುಗಳಾದ ಮೇಲೆ ಅಣ್ಣಂದಿರು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರು; ಇವರು ಎಂ.ಎಸ್ಸಿ. ಮುಗಿಸಿ, 1994ರಲ್ಲಿ ವಸಂತಪುರದ ಹತ್ತಿರವಿದ್ದ ನಮ್ಮ ಕಾಲೇಜಿಗೆ ಸೇರಿದರು. ಕಾಲೇಜು ಮುಂದೆ ಖಾಸಗಿ ವಿಶ್ವವಿದ್ಯಾಲಯವಾಯಿತು. ಶೀಟಿನ ಚಾವಣಿ ಹೋಗಿ ಗಾಜಿನ ಮುಂಭಾಗ ಬಂತು. ಅವರ ಪಾಠದ ಕ್ರಮ ಬದಲಾಗಲಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಬನಶಂಕರಿ ಬಸ್ ನಿಲ್ದಾಣಕ್ಕೆ ಕಳಿಸಿ, ಒಂದು ಬಸ್ಸು ಎಷ್ಟೆಷ್ಟು ಹೊತ್ತಿಗೆ ಬರುತ್ತದೆಂದು ಬರೆದು ತರಲು ಹೇಳುತ್ತಿದ್ದರು. ನಾವು ಸರಾಸರಿ ಹನ್ನೊಂದು ನಿಮಿಷ ಎಂದು ತಂದಾಗ ಅವರು ಹೇಳಿದ್ದು: "ಸರಿಯಾಗಿದೆ. ಈಗ ನಲವತ್ತು ನಿಮಿಷ ಕಾದು ನಿಂತಿದ್ನಲ್ಲ, ಅವನ ಹತ್ರ ಹೋಗಿ ಹೇಳ್ನೋಡಿ."

ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕೂತು, ಬೇಕಾದವರಿಗೆ ಅದೇ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಇದು ವೇಳಾಪಟ್ಟಿಯಲ್ಲಿ ಎಂದೂ ಇರಲಿಲ್ಲ.

ನಾನು ಬರೆಯಬೇಕೆಂದಿರುವುದು 2019ರ ಏಪ್ರಿಲ್ ತಿಂಗಳ ಸಂಗತಿ. ನಮ್ಮದು ಕೊನೆಯ ಸೆಮಿಸ್ಟರು. ಒಂದು ವಿಷಯಕ್ಕೆ ಅರವತ್ತು ತರಗತಿ, ಪರೀಕ್ಷೆಗೆ ಕೂರಲು ನಲವತ್ತೈದು ಹಾಜರಿ ಬೇಕು. ನನ್ನ ಸಹಪಾಠಿ ಬಸವಂತನಿಗೆ ಶಾಂತಾದೇವಿ ಮೇಡಂ ವಿಷಯದಲ್ಲಿ ನಲವತ್ತನಾಲ್ಕಿತ್ತು. ಕೊಪ್ಪಳದ ಕಡೆಯವನು, ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡು, ಬೆಳಗಿನ ಹೊತ್ತು ಅಲ್ಲೇ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದ. ಆದ್ದರಿಂದ ಮೊದಲ ತರಗತಿ ಆಗಾಗ ತಪ್ಪುತ್ತಿತ್ತು. ಜಯನಗರದ ಒಂದು ಕಚೇರಿಯಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು, ಜೂನ್ ಒಳಗೆ ಪದವಿ ಮುಗಿದಿರಬೇಕೆಂಬ ಷರತ್ತಿನ ಮೇಲೆ. ಒಂದು ಹಾಜರಿಗಾಗಿ ಅದು ಕೈತಪ್ಪುವುದರಲ್ಲಿತ್ತು.

ಅವನು ಮೇಡಂ ಹತ್ತಿರ ಕೇಳಲು ಹೋದಾಗ ನಾನು ಅಸೈನ್‌ಮೆಂಟ್‌ಗಳನ್ನು ಕೊಡಲು ಅಲ್ಲೇ ಇದ್ದೆ. ಮೇಡಂ ಹಾಜರಿಯ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಎರಡು ಸಲ ನೋಡಿದರು. ಮಾರ್ಚ್‌ನಲ್ಲಿ ಅವರ ತಾಯಿ ನಾರಾಯಣಮ್ಮನವರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಮೇಡಂ ನಾಲ್ಕು ದಿನ ರಜೆ ಹಾಕಿದ್ದರು. ಆಗ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಡುವ ಸಮಿತಿ ಬರುವುದಿತ್ತು. ಎಲ್ಲ ತರಗತಿಗಳೂ ನಡೆದಿವೆ ಎಂದು ತೋರಿಸಬೇಕಿತ್ತು. ವಿಭಾಗದ ಕಚೇರಿಯಲ್ಲಿ ಹಿಂದಿನ ವಾರದ ಹಾಜರಿಯನ್ನೇ ಆ ನಾಲ್ಕು ದಿನಗಳಿಗೂ ನಕಲು ಮಾಡಿದ್ದರು; ನಾಲ್ಕರಲ್ಲೂ ಬಸವಂತ ಗೈರುಹಾಜರು. ತಿಂಗಳ ಕೊನೆಗೆ ಬಂದ ಕಾಗದದ ಕಟ್ಟಿಗೆ, ಎಲ್ಲರೂ ಹಾಕುವಂತೆ, ಮೇಡಂ ನೋಡದೆ ಸಹಿ ಹಾಕಿದ್ದರು.

"ಈ ನಾಲ್ಕು ದಿನ ನಾನು ಆಸ್ಪತ್ರೇಲಿದ್ದೆ ಕಣೋ. ನೀನು ಯಾವ ಕ್ಲಾಸಿಗೆ ಬರ್ಲಿಲ್ಲ?"

"ಗೊತ್ತಿಲ್ರಿ ಮೇಡಂ," ಎಂದ ಬಸವಂತ. "ನಡೀದ ಕ್ಲಾಸಿಗೂ ನಾ ಆಬ್ಸೆಂಟ್ ಆಗೇನಂದ್ರ, ನನ್ ಹಣೇಬರಾ ನೋಡ್ರಿ."

ಮೇಡಂ ನಕ್ಕರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಅದರ ಪ್ರಕಾರ ಅದೇ ನಾಲ್ಕು ದಿನ ನಾನು ಹಾಜರಿದ್ದೆ. ನನ್ನ ಒಟ್ಟು ನಲವತ್ತೈದು. ಅಂದರೆ ನಿಜವಾಗಿ ನಲವತ್ತೊಂದು.

ವಿಭಾಗದ ಮುಖ್ಯಸ್ಥರಾಗಿದ್ದ ನರೇಂದ್ರ ಸರ್ ಕೆಟ್ಟವರಲ್ಲ; ಸುಲಭದ ದಾರಿ ಹೇಳಿದರು.

"ಹುಡುಗನಿಗೆ ಒಂದು ಅಟೆಂಡೆನ್ಸ್ ಹಾಕ್ಬಿಡಿ ಮೇಡಂ, ಮುಗೀತು. ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರ?"

"ಈಗ ನಾಲ್ಕು ಸುಳ್ಳಿದೆ ಸಾರ್. ಹಾಕಿದ್ರೆ ಐದಾಗುತ್ತೆ."

ಆ ಮಧ್ಯಾಹ್ನ ಅವರು ಕುಲಸಚಿವರಿಗೆ ಪತ್ರ ಬರೆದರು. ನಡೆಯದ ನಾಲ್ಕು ತರಗತಿಗಳಿಗೆ ತಾನು ಸಹಿ ಹಾಕಿದ್ದೇನೆ, ತಪ್ಪು ತನ್ನದು, ಆ ನಾಲ್ಕನ್ನೂ ಪರೀಕ್ಷೆಗೆ ಮುನ್ನ ನಡೆಸಲು ಅನುಮತಿ ಬೇಕು ಎಂಬುದಷ್ಟೇ ಅದರಲ್ಲಿತ್ತು. ಕಚೇರಿಯ ಹೆಸರನ್ನು ಅವರು ಎತ್ತಲಿಲ್ಲ. ಅನುಮತಿ ಬಂತು, ಕಾರಣ ಕೇಳಿ ನೋಟಿಸೂ ಬಂತು.

ಹಗಲಿನಲ್ಲಿ ಕೊಠಡಿಗಳು ಖಾಲಿಯಿರಲಿಲ್ಲವಾದ್ದರಿಂದ ತರಗತಿ ಬೆಳಿಗ್ಗೆ ಏಳಕ್ಕೆ ಎಂದಾಯಿತು. ಬಸವಂತನಿಗೆ ಬೇಕಾಗಿದ್ದುದು ಒಂದು. ನನಗೆ ನಾಲ್ಕೂ. ಅವನು ಎರಡು ಬಸ್ಸು ಬದಲಾಯಿಸಿ ನಾಲ್ಕು ದಿನವೂ ಬಂದ. ಮೆಡಿಕಲ್ ಸ್ಟೋರಿನಲ್ಲಿ ಏನು ಹೇಳಿ ಬಂದನೋ ಗೊತ್ತಿಲ್ಲ. ಯಾಕೆ ದಿನಾ ಬರುತ್ತೀಯೆಂದು ಕೇಳಿದ್ದಕ್ಕೆ, ಮೊದಲ ಪೀರಿಯಡ್ಡನ್ನು ಶುರುವಿನಿಂದ ಕೊನೆಯವರೆಗೂ ಒಮ್ಮೆ ನೋಡಬೇಕಿತ್ತು ಅಂದ. ಮೇಡಂ ಆ ನಾಲ್ಕು ದಿನವೂ ಪಾಠವನ್ನೇ ಮಾಡಿದರು. ಹಾಜರಿ ಹಾಕಿ ಕಳಿಸುವ ಯೋಚನೆ ಅವರಿಗೆ ಬಂದಂತೆ ಕಾಣಲಿಲ್ಲ.

ನಾನು ಮೂರು ದಿನ ಹೋದೆ. ನಾಲ್ಕನೆಯ ದಿನ ಎಚ್ಚರವಾಗಲಿಲ್ಲ. ಹಾಸ್ಟೆಲಿನಿಂದ ತರಗತಿಗೆ ಐದು ನಿಮಿಷದ ದಾರಿ. ಹೇಳಿಕೊಳ್ಳಲು ಬೇರೆ ಕಾರಣವಿಲ್ಲ. ಇಪ್ಪತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಂತಾಗ ಅವರು ಸಹಸಂಬಂಧದ, ಅಂದರೆ ಕೋರಿಲೇಷನ್ನಿನ, ಪಾಠವನ್ನು ಅರ್ಧ ಮುಗಿಸಿದ್ದರು.

"ಬಾ ಅರ್ಪಿತ, ಕೂತ್ಕೋ. ಪಾಠ ಕೇಳು. ಅಟೆಂಡೆನ್ಸ್ ಇಲ್ಲ."

ಹತ್ತು ನಿಮಿಷ ದಾಟಿದರೆ ಹಾಜರಿಯಿಲ್ಲವೆಂಬುದು ಅವರ ಹಳೆಯ ನಿಯಮ. ನನ್ನದು ನಲವತ್ತನಾಲ್ಕಕ್ಕೆ ನಿಂತಿತು. ಬಸವಂತ ಪರೀಕ್ಷೆ ಬರೆದು ಜೂನ್‌ನಲ್ಲಿ ಕೆಲಸಕ್ಕೆ ಸೇರಿದ. ನಾನು ಅದೊಂದು ವಿಷಯವನ್ನು ಆರು ತಿಂಗಳು ತಡವಾಗಿ ಬರೆದೆ, ಎಂ.ಎಸ್ಸಿ.ಗೆ ಒಂದು ವರ್ಷ ತಡವಾಗಿ ಸೇರಿದೆ. ಆ ಆರು ತಿಂಗಳೂ ಮೇಡಂ ಮಂಗಳವಾರ ಮಧ್ಯಾಹ್ನ ಬಾ ಎಂದು ಹೇಳಿ, ನನ್ನೊಬ್ಬಳಿಗೇ ಲೆಕ್ಕಗಳನ್ನು ಮಾಡಿಸಿದರು. ಹಾಲ್ ಟಿಕೆಟ್ ಬಂದ ದಿನ ಮಾತ್ರ ಕೇಳಿದರು, ತಮ್ಮ ಮೇಲೆ ಸಿಟ್ಟಿದೆಯಾ ಎಂದು. ಇದೆ ಮೇಡಂ, ಅಂದೆ.

"ಇರ್ಲಿ. ಮೂರು ಗಂಟೆ ಕೂತು ಬರೆಯೋಕೆ ಅದೂ ಬೇಕಾಗುತ್ತೆ."

ನಮ್ಮಲ್ಲಿ ಅರವತ್ತಾದ ಮೇಲೂ ಹಿರಿಯ ಅಧ್ಯಾಪಕರನ್ನು ಐದು ವರ್ಷ ಮುಂದುವರಿಸುವ ರೂಢಿಯಿದೆ. ಮೇಡಂಗೆ ಅರವತ್ತಾದಾಗ ಮುಂದುವರಿಕೆಯ ಪತ್ರ ಬರಲಿಲ್ಲ. 2019ರ ನೋಟಿಸು ಅವರ ಕಡತದಲ್ಲಿ ಈಗಲೂ ಇದೆ. ಎರಡು ಸಂಗತಿಗಳು ಒಟ್ಟಿಗಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಬಾರದು ಎಂದು ಕಲಿಸಿದವರು ಅವರೇ ಆದ್ದರಿಂದ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ಅವರು ಕನ್ನಡದಲ್ಲಿ ಸಂಖ್ಯಾಶಾಸ್ತ್ರದ ಪಠ್ಯವೊಂದನ್ನು ಬರೆಯುತ್ತಿದ್ದಾರೆ. ಮೂರು ಅಧ್ಯಾಯ ಮುಗಿದಿವೆ, ಸಹಸಂಬಂಧ ಒಂಬತ್ತನೆಯದಂತೆ. ಅವರಿಗೆ ಆಯುಸ್ಸು, ಆರೋಗ್ಯ, ಬರೆಯುವ ಬಿಡುವು ಎಲ್ಲವೂ ಧಾರಾಳವಾಗಿ ಸಿಗಲೆಂದು ಕೋರುವಾಗ ನನ್ನ ಸ್ವಾರ್ಥವೂ ಅದರಲ್ಲಿದೆ. ಆ ಪಾಠದ ಮೊದಲ ಇಪ್ಪತ್ತು ನಿಮಿಷ ನನಗಿನ್ನೂ ಬಾಕಿಯಿದೆ.