ಸಮುದ್ರಕ್ಕ ಇಳಿಯೋ ಮೊದಲು ತುಂಬಿದ ಫಾರ್ಮ್

ಮೈಲಾರ ಜಾತ್ರ್ಯಾಗ ಗೊರವಪ್ಪ ನುಡಿಯೋ ಕಾರ್ಣಿಕ ಕೇಳಿ ಬಂದೋರನ್ನೂ ‘ಗೊರವಪ್ಪ ಹಂಗೇ ಅಂದದ್ದು ಖರೇನಾ?’ ಅಂತ ಎರಡು ಸಲ ಕೇಳೋ ಮನುಷ್ಯ ನಾನು. ಇಪ್ಪತ್ತೆರಡು ವರ್ಷದಿಂದ ಹರಪನಹಳ್ಳ್ಯಾಗ ಜೀವವಿಮೆ ಏಜೆಂಟ್ ಆಗೀನಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ನನ್ನ ಬೈಕು ಹೋಗದ ಊರಿಲ್ಲ. ಎದುರಿಗೆ ಕುಂತೋನು ಸುಳ್ಳು ಹೇಳಿದ್ರ ಬಾಯಿ ತೆರೆಯೋ ಮೊದಲೇ ಹಿಡೀತೀನಿ ಅಂತ ಊರ ತುಂಬ ಹೇಳ್ಕೊಂಡು ತಿರುಗ್ತಿದ್ದೆ.

ಹೋದ ವರ್ಷ ಚೊಲೋ ಕೆಲಸ ಮಾಡೀನಿ ಅಂತ ಕಚೇರಿಯೋರು ಗಂಡ-ಹೆಂಡ್ತಿ ಇಬ್ಬರಿಗೂ ಅಂಡಮಾನ್ ಟೂರು ಕೊಟ್ರು. ಸಮುದ್ರದ ದಂಡಿ ಮ್ಯಾಲೆ ಕುಂತು ಎಳನೀರು ಕುಡಿದು ಬರೋದು ಅಂತ ನಾನು ಲೆಕ್ಕ ಹಾಕಿದ್ರ, ನಮ್ಮಾಕಿ ಮೊಬೈಲಿನ್ಯಾಗ ಯಾವುದೋ ವಿಡಿಯೋ ನೋಡಿ, “ನಾನು ಸಮುದ್ರದ ಒಳಗ ಇಳೀತೀನ್ರಿ” ಅಂದ್ಲು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು, ಬಾಯಾಗ ಕೊಳವಿ ಇಟ್ಕೊಂಡು, ನೀರಿನ ತಳದಾಗ ಮೀನಿನ ಜೋಡಿ ಓಡಾಡೋದಂತ. ಸ್ಕೂಬಾ ಡೈವಿಂಗ್ ಅಂತಾರ. ಮದುವಿಗೆ ಮುಂಚೆ ಆಕಿ ಚಿಗಟೇರಿ ಕಡೆ ತವರುಮನಿ ಬಾವ್ಯಾಗ ಅಣ್ಣಂದಿರಿಗಿಂತ ಜೋರಾಗಿ ಈಜ್ತಿದ್ಲಂತ. ನಮ್ಮನಿಗೆ ಬಂದ ಮ್ಯಾಲೆ ನೀರಿಗೆ ಇಳಿದಿದ್ದೇ ಇಲ್ಲ. ಇಷ್ಟು ವರ್ಷದಾಗ ಆಕಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಒಲ್ಲೆ ಅನ್ನಾಕ ಮನಸ್ಸು ಬರ್ಲಿಲ್ಲ.

ಆದ್ರ ಇಳಿಸೋರು ಯಾರು? ಟೂರಿನೋರು ‘ಅದು ನಿಮಗ ಬಿಟ್ಟಿದ್ದು’ ಅಂದ್ರು. ಕಟ್ಟಿಕೊಂಡ ಹೆಂಡ್ತಿನ ನಲ್ವತ್ತು ಅಡಿ ನೀರಾಗ ಗುರುತಿಲ್ಲದೋನ ಕೈಗೆ ಕೊಡೋದು ಅಂದ್ರ ಹುಡುಗಾಟನಾ? ಒಂದು ವಾರ ಮೊಬೈಲ್ ಹಿಡ್ಕೊಂಡು ತನಿಖಿಗೆ ಕುಂತೆ.

ನೀರಿಗೆ ಇಳಿಸೋ ಮೊದಲನೇ ಅಂಗಡಿಯೋರ ಫೋಟೋದಾಗ ಒಂದು ಆಮೆ ಇತ್ತು, ಚಿಪ್ಪಿನ ಮ್ಯಾಲೆ ಬಿಳಿ ಮಚ್ಚಿ. ಎರಡನೇ ಅಂಗಡಿಯೋರ ಫೋಟೋದಾಗೂ ಅದೇ ಮಚ್ಚಿ, ಅದೇ ಆಮೆ! ಎಲಾ ಇವನ, ಇದೇನು ಎರಡೂ ಕಡೆ ಡ್ಯೂಟಿ ಮಾಡ್ತೈತಾ? ಮೊದಲನೆಯಾಂವಗ ಫೋನ್ ಹಚ್ಚಿದೆ. ನೀರಾಗ ಜೋಡಿ ಬರೋ ಒಬ್ಬ ಮಾಸ್ತರಿಗೆ ಎಷ್ಟು ಮಂದಿ ಅಂದ್ರ, “ನೋ ಪ್ರಾಬ್ಲಂ ಸಾರ್.” ಈಜು ಬರದಿದ್ರ? “ನೋ ಪ್ರಾಬ್ಲಂ ಸಾರ್.” ಪರೀಕ್ಷಿ ಮಾಡೋಣ ಅಂತ, “ನಮ್ಮವ್ವಗ ಎಂಬತ್ತು ವರ್ಷ, ಹಾರ್ಟ್ ಆಪರೇಷನ್ ಆಗೈತಿ, ಇಳಿಸ್ತೀಯಾ?” ಅಂತ ನನ್ನ ಹರಕುಮುರುಕು ಹಿಂದ್ಯಾಗ ಕೇಳಿದೆ. ಅವ್ವನ್ನೂ ಕರ್ಕೊಂಡು ಬರ್ರಿ, ರಿಯಾಯ್ತಿ ಐತಿ ಅಂದ. ನಮ್ಮವ್ವ ತೀರ್ಕೊಂಡು ಹತ್ತು ವರ್ಷ ಆತು. ಸತ್ತೋರನ್ನೂ ಇಳಿಸೋ ಧೈರ್ಯ ಇದ್ದ ಗಂಡಸು! ಫೋನ್ ಇಟ್ಟೆ.

ಎರಡನೆಯೋರನ್ನ ಇಂಟರ್ನೆಟ್ಟಿನ್ಯಾಗ ಹೊಗಳಿ ಬರೆದೋರೆಲ್ಲ ಒಂದೇ ಇಂಗ್ಲಿಷ್ ಪದ ಒಂದೇ ಥರ ತಪ್ಪು ಬರೆದಿದ್ರು. ಬರೆದ ಕೈ ಒಂದೇ ಅನ್ನೋದಕ್ಕ ಬ್ಯಾರೆ ಸಾಕ್ಷಿ ಬೇಕಾ?

ಮೂರನೇ ಕಡೆ ಫೋನ್ ಎತ್ತಿದಾಕಿ ನನ್ನ ಹಿಂದಿ ಕೇಳಿ, “ಕನ್ನಡದಲ್ಲೇ ಮಾತಾಡಿ ಸರ್, ನಾನು ಕಾರವಾರದವಳು” ಅಂದ್ಲು. ನನಗ ಇನ್ನೂ ಅನುಮಾನ ಬಂತು. ಬೆಳ್ಳಗಿರೋದೆಲ್ಲ ಹಾಲಲ್ಲ, ಕನ್ನಡ ಆಡಿದೋರೆಲ್ಲ ನೆಂಟರಲ್ಲ. ಆದ್ರ ಆಕಿ ಒಂದಕ್ಕೂ ನೋ ಪ್ರಾಬ್ಲಂ ಅನ್ಲಿಲ್ಲ. ಹೊಸಬರಾದ್ರ ಒಬ್ಬರಿಗೆ ಒಬ್ಬ ಮಾಸ್ತರು, ಅಲೆ ಜಾಸ್ತಿ ಇದ್ರ ಇಳಿಸಲ್ಲ ಅಂದ್ಲು. ಮೊದಲು ಆರೋಗ್ಯದ ಫಾರ್ಮ್ ತುಂಬಿ ಕಳಿಸ್ರಿ ಅಂತ ಮೊಬೈಲಿಗೆ ಹಾಕಿದ್ಲು. ಎದಿ, ಕಿವಿ, ಫಿಟ್ಸು, ಉಬ್ಬಸ ಅಂತ ಮೂವತ್ತರ ಮ್ಯಾಲೆ ಪ್ರಶ್ನೆ.

ಓಹೋ, ಇಲ್ಲೈತಿ ನೋಡು ಹುಳುಕು ಅಂದ್ಕೊಂಡೆ. ಏನಾದ್ರು ಹೆಚ್ಚುಕಮ್ಮಿ ಆದ್ರ ‘ನೀವೇ ಬರ್ಕೊಟ್ಟೀರಲ್ಲ’ ಅಂತ ಕೈ ತೊಳ್ಕೊಳ್ಳಾಕ ಮಾಡಿದ್ದು. ನನಗ ಫಾರ್ಮ್ ಹೊಸದಾ? ಹೌದು ಅಂತ ಬರೆದ್ರ ಕೆಲಸ ಕೆಡ್ತೈತಿ, ಇದು ಕಸುಬಿನ್ಯಾಗ ನಾನು ಕಲಿತ ಮೊದಲ ಪಾಠ. ನಾನು ತುಂಬಿದ ಫಾರ್ಮಿನ್ಯಾಗ ನನ್ನ ಗಿರಾಕಿಗಳಿಗೆ ಬಿಪಿ ಇಲ್ಲ, ಸಕ್ಕರಿ ಇಲ್ಲ, ಬೀಡಿ ಅಂತೂ ಕಂಡೇ ಇಲ್ಲ. ತಪ್ಪು ಅಂತ ಗೊತ್ತಿದ್ರೂ ಕೈ ಅದಕ್ಕೇ ಒಗ್ಗಿತ್ತು. ನನ್ನದೂ ನಮ್ಮಾಕಿದೂ ಎರಡೂ ಫಾರ್ಮಿಗೆ ಇಲ್ಲ, ಇಲ್ಲ, ಇಲ್ಲ ಅಂತ ಒತ್ತಿ ಐದು ನಿಮಿಷದಾಗ ಕಳಿಸಿದೆ.

ಮರುದಿನ ಊಟಕ್ಕ ಕುಂತಿದ್ವಿ, ಕಾರವಾರದಾಕಿಯಿಂದ ಫೋನ್ ಬಂತು. “ಸರ್, ಮೇಡಂ ಅವರ ಜೊತೆ ಮಾತಾಡಬೇಕು. ಎರಡೂ ಫಾರ್ಮಿನಲ್ಲಿ ಎಲ್ಲಕ್ಕೂ ಇಲ್ಲ ಅಂತಲೇ ಇದೆ, ಐದೇ ನಿಮಿಷದಲ್ಲಿ ಬಂದಿವೆ; ಅವರ ಫಾರ್ಮ್ ಅವರು ತುಂಬಿಲ್ಲ ಅನಿಸುತ್ತೆ.”

“ಏನ್ರೀ ಹಂಗಂದ್ರ? ನನ್ನ ಮ್ಯಾಲೆ ಅನುಮಾನಾನಾ?”

“ಹೌದು ಸರ್.”

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ, ನಾನೇ ಮೈಮ್ಯಾಲೆ ದೇವರು ಬಂದೋರಂಗ ಒದರಿದೆ. ನಮ್ಮಾಕಿ ಎಡಗೈಲೆ ಫೋನ್ ಇಸ್ಕೊಂಡು ಸ್ಪೀಕರಿಗೆ ಹಾಕಿದ್ಲು. ಆ ಹೆಣ್ಮಗಳು ಒಂದೊಂದೇ ಕೇಳ್ಕೊಂತ ಬಂದ್ಲು. ಕಿವಿ ನೋವು? ಇಲ್ರಿ. ಎದೆ ನೋವು? ಇಲ್ರಿ. ಉಬ್ಬಸ?

ನಮ್ಮಾಕಿ ಊಟದ ತಾಟು ನೋಡ್ಕೊಂತ, “ಐತ್ರಿ” ಅಂದ್ಲು. “ನಾಲ್ಕು ವರ್ಷ ಆತು. ನಮ್ಮನಿ ಹಿಂದೇ ಮೆಕ್ಕೆಜೋಳ ಒಣಗಿಸೋ ಕಣ ಐತ್ರಿ. ಸುಗ್ಗಿ ಬಂತಂದ್ರ ಅದರ ಧೂಳಿಗೆ ದಿನಕ್ಕ ಮೂರು ಸಲ ಉಸಿರಿನ ಪಂಪ್ ಎಳೀತೀನಿ. ದಾವಣಗೆರಿ ಡಾಕ್ಟರ್ ಕೊಟ್ಟಾರ.”

ಯಾವ ಪಂಪು? ಯಾವ ಡಾಕ್ಟರು? ತಂಗಿ ಮನಿಗೆ ಅಂತ ದಾವಣಗೆರಿ ಬಸ್ ಹತ್ತೋಳು ಹೋಗ್ತಿದ್ದದ್ದು ಅಲ್ಲಿಗಾ?

“ಮೇಲೆ ಬರುವಾಗ ಉಸಿರು ಒಳಗೇ ಸಿಕ್ಕಿಕೊಂಡರೆ ಶ್ವಾಸಕೋಶ ಹರಿಯುತ್ತೆ ಅಮ್ಮ, ಜೀವಕ್ಕೇ ಅಪಾಯ” ಅಂದ್ಲು ಆ ಹೆಣ್ಮಗಳು. “ನಾನಂತೂ ನಿಮ್ಮನ್ನ ಇಳಿಸಲ್ಲ. ಬೇಜಾರಾಗಬೇಡಿ.”

“ಆಗ್ಲಿ ಬಿಡ್ರಿ, ಕೇಳಿದ್ರಲ್ಲ, ಅಷ್ಟು ಸಾಕು” ಅಂತ ನಮ್ಮಾಕಿ ಫೋನ್ ಇಟ್ಲು. ಕಣ್ಣಾಗ ನೀರು ತುಂಬಿತ್ತು. ನನ್ನ ಐದು ನಿಮಿಷದ ಫಾರ್ಮು ಆಕಿನ್ನ ಸಮುದ್ರದ ತಳಕ್ಕೆ ಕಳಿಸ್ತಿತ್ತಲ್ಲ ಅಂತ ಅಂಜಿಕಿ ಬಂತು. ಅದು ಆಕಿಗೆ ಕಾಣಬಾರದು ಅಂತ ಸಿಟ್ಟು ಮಾಡಿದೆ. “ನಾನು ಅಂಡಮಾನಿನ ಆಮೆ ತನಕ ತನಿಖಿ ಮಾಡೀನಿ, ನೀನು ಮನ್ಯಾಗೇ ಇದ್ದು ನನಗ ಮುಚ್ಚಿಡ್ತೀಯಾ? ಇದ್ದದ್ದು ಹೇಳಾಕ ಏನಾಗಿತ್ತು?”

ಆಕಿ ಸೆರಗಿಲೆ ಕಣ್ಣೊರಸ್ಕೊಂಡು ನನ್ನ ಮುಖ ನೋಡಿದ್ಲು. ದನಿ ಏರಿಸ್ಲಿಲ್ಲ.

“ನಿನ್ನೆ ಆ ಫಾರ್ಮ್ ತುಂಬೋವಾಗ ನಾನು ನಿಮ್ಮ ಎದುರಿಗೇ ಕುಂತು ಅವರಿಕಾಯಿ ಸುಲೀತಿದ್ನಿ. ಒಂದು ಮಾತು ಕೇಳಿದ್ರ ಹೇಳ್ತಿದ್ದಿಲ್ಲೇನ್ರಿ?”